ನಡೆದು ಹೋಗುವವರಿಗೆ ಗಾಡಿ ಬಡಿದರೆ: ರಾಜಿಗೆ ಕೂರುವ ಮುಂಚೆ ತಿಳಿಯಬೇಕಾದ್ದು



ಈ ಸಲದ ಪಾಠ ಉಳಿತಾಯದ್ದಲ್ಲ, ಸಾಲ ಮರುಪಾವತಿಯದ್ದೂ ಅಲ್ಲ. ನಾವು ದಿನಾ ನಡೆಯುವ ರಸ್ತೆಯದ್ದು. ಕುಂತೂರಿನ ಸಕ್ಕರೆ ಕಾರ್ಖಾನೆಗೆ ಕಬ್ಬು ಅರೆಯುವ ಕಾಲ ಬಂದರೆ ಹಗಲು ರಾತ್ರಿ ಎನ್ನದೆ ಟ್ರ್ಯಾಕ್ಟರು ಲಾರಿಗಳು ಓಡಾಡುತ್ತವೆ. ಅದೇ ರಸ್ತೆಯಲ್ಲಿ ಹಾಲು ಹಾಕಲು ಹೋಗುವವರು, ಕೂಲಿಗೆ ಹೋಗುವವರು, ಶಾಲೆಯ ಮಕ್ಕಳು ನಡೆಯುತ್ತಾರೆ. ಶಿವರಾತ್ರಿ, ಯುಗಾದಿ, ದೀಪಾವಳಿಯಲ್ಲಿ ಮಾದಪ್ಪನ ಬೆಟ್ಟಕ್ಕೆ ಕಾಲ್ನಡಿಗೆಯಲ್ಲಿ ಹೋಗುವವರು ಕೊಳ್ಳೇಗಾಲ, ಕಾಮಗೆರೆ, ಹನೂರು, ಕೌದಳ್ಳಿ ದಾಟಿ ರಾತ್ರಿಯೆಲ್ಲ ನಡೆಯುತ್ತಾರೆ. ಕಾರಿನಲ್ಲಿ ಕೂತವರಿಗೆ ಸುತ್ತ ತಗಡಿದೆ, ಬೈಕಿನವರಿಗೆ ಹೆಲ್ಮೆಟ್ ಇದೆ. ನಡೆಯುವವರಿಗೆ ಉಟ್ಟ ಸೀರೆ ಬಿಟ್ಟರೆ ಬೇರೆ ರಕ್ಷಣೆ ಇಲ್ಲ. 2022ರಲ್ಲಿ ಇಡೀ ದೇಶದಲ್ಲಿ ರಸ್ತೆ ಅಪಘಾತಗಳಿಂದ 1,68,491 ಜನ ಸತ್ತರೆಂದು ಕೇಂದ್ರ ಸಾರಿಗೆ ಇಲಾಖೆಯ ವರದಿ ಹೇಳುತ್ತದೆ. ಅದರಲ್ಲಿ 32,825 ಜನ ನಡೆದು ಹೋಗುತ್ತಿದ್ದವರು. ಅಂದರೆ ಐವರಲ್ಲಿ ಒಬ್ಬರು.

ನಮ್ಮ ಒಂದು ಸಂಘದ ಸದಸ್ಯೆಯ ಸಂಗತಿ ಹೇಳುತ್ತೇವೆ. ಅವರ ಹೆಸರು, ಊರು ಇಲ್ಲಿ ಬೇಡ. ಬೆಳಗಿನ ಜಾವ ಹಾಲಿನ ಕ್ಯಾನು ಹಿಡಿದು ಡೈರಿಗೆ ಹೊರಟಿದ್ದರು. ಹಿಂದಿನಿಂದ ಬಂದ ಟ್ರ್ಯಾಕ್ಟರ್ ದಾಟಿಹೋಯಿತು. ಅದರ ಹಿಂದಿನ ಟ್ರೈಲರ್ ಓಲಾಡಿಕೊಂಡು ಬಂದು ಬಡಿಯಿತು. ತೊಡೆಯ ಮೂಳೆ ಮುರಿಯಿತು. ಸಾಯಂಕಾಲವೇ ಊರಿನ ಹಿರಿಯರು ಸೇರಿದರು. "ನಮ್ಮೂರ ಹುಡ್ಗ ಕನವ್ವ, ಪೊಲೀಸು ಗಿಲೀಸು ಅಂತ ಯಾಕೆ, ಕುಂತು ಮಾತಾಡ್ಕಳ್ಳಣ" ಅಂದರು. ಇಪ್ಪತ್ತು ಸಾವಿರ ಕೊಡಿಸಿ, ಮುಂದೆ ಯಾವ ತಕರಾರೂ ಇಲ್ಲ ಎಂದು ಕಾಗದಕ್ಕೆ ಹೆಬ್ಬೆಟ್ಟು ಒತ್ತಿಸಿಕೊಂಡರು. ಆಸ್ಪತ್ರೆ ಖರ್ಚಿಗೆ ಹೆದರಿ ನಾಟಿ ಕಟ್ಟು ಕಟ್ಟಿಸಿದರು. ಮೂಳೆ ಸೊಟ್ಟಗೆ ಕೂಡಿಕೊಂಡಿತು. ಎಂಟು ತಿಂಗಳಾದ ಮೇಲೆ ಕುಂಟುತ್ತಾ ಸಭೆಗೆ ಬಂದು ಆಪರೇಷನ್ನಿಗೆ ಸಾಲ ಕೇಳಿದರು. ಕಳೆ ಕೀಳಲು ಬಗ್ಗಲಾಗದು, ಹಸು ಮಾರಿ ಆಗಿತ್ತು. ನಾವು ಕಾಗದ ಪತ್ರ ಕೇಳಿದೆವು. ಎಫ್.ಐ.ಆರ್. ಇಲ್ಲ, ಆಸ್ಪತ್ರೆಯ ಚೀಟಿ ಇಲ್ಲ, ಟ್ರ್ಯಾಕ್ಟರ್ ಬೇರೆಯವರಿಗೆ ಮಾರಾಟವಾಗಿತ್ತು. ಅವತ್ತು ನಮ್ಮ ಕೈಯಲ್ಲಿಯೂ ಹೆಚ್ಚೇನೂ ಆಗಲಿಲ್ಲ.

ಹಿರಿಯರು ಕೆಟ್ಟವರೆಂದು ನಾವು ಹೇಳುತ್ತಿಲ್ಲ. ನಾಳೆ ಅದೇ ಹುಡುಗನ ಅಪ್ಪನ ಹೊಲಕ್ಕೆ ಕೂಲಿಗೆ ಹೋಗಬೇಕು, ಅದೇ ಬೀದಿಯಲ್ಲಿ ಬದುಕಬೇಕು. ಆ ದಾಕ್ಷಿಣ್ಯ ನಮಗೂ ಅರ್ಥವಾಗುತ್ತದೆ. ಆದರೆ ಎಲ್ಲರೂ ಮರೆಯುವ ಒಂದು ವಿಷಯವಿದೆ. ರಸ್ತೆಗೆ ಇಳಿಯುವ ಪ್ರತಿ ಮೋಟಾರು ವಾಹನಕ್ಕೂ ಮೂರನೆಯವರ ವಿಮೆ ಇರಲೇಬೇಕು ಎಂದು 1988ರ ಮೋಟಾರು ವಾಹನ ಕಾಯ್ದೆ ಹೇಳುತ್ತದೆ. ಮೂರನೆಯವರು ಎಂದರೆ ರಸ್ತೆಯಲ್ಲಿ ನಡೆಯುವ ನಾವೇ. ವಿಮೆ ಚಾಲ್ತಿಯಲ್ಲಿದ್ದರೆ ಪರಿಹಾರದ ಹಣ ಕೊಡುವುದು ವಿಮಾ ಕಂಪನಿ, ಪಕ್ಕದ ಮನೆಯವರ ಜೇಬಲ್ಲ. ಚಾಲಕನ ಮೇಲೆ ಅಜಾಗರೂಕ ಚಾಲನೆಯ ಕೇಸು ಆಗುತ್ತದೆ, ಅದನ್ನು ಮುಚ್ಚಿಡುವುದಿಲ್ಲ. ಆದರೆ "ಹುಡುಗನ ಮನೆ ಹಾಳಾಗ್ತದೆ" ಎನ್ನುವ ಭಯಕ್ಕೆ ಒಂದು ಹೆಂಗಸಿನ ಕಾಲು ಬಲಿಯಾಗಬೇಕಿಲ್ಲ. ಚಾಲಕನಿಗೆ ಲೈಸೆನ್ಸ್ ಇಲ್ಲದಿದ್ದರೂ ಕೈಬಿಡಬೇಡಿ. ಕಂಪನಿ ಮೊದಲು ಗಾಯಾಳುವಿಗೆ ಕೊಟ್ಟು, ಆಮೇಲೆ ಮಾಲೀಕನಿಂದ ವಸೂಲು ಮಾಡಿಕೊಳ್ಳಲಿ ಎಂದು ನ್ಯಾಯಾಲಯಗಳು ಆದೇಶಿಸುವುದುಂಟು. ಸುಪ್ರೀಂ ಕೋರ್ಟ್ 2004ರಲ್ಲೇ ಈ ದಾರಿ ತೋರಿಸಿದೆ. ವಿಮೆಯೇ ಇಲ್ಲದಿದ್ದರೆ ಮಾಲೀಕನೇ ಕೊಡಬೇಕು. ಅಲ್ಲಿ ವಸೂಲಿ ಕಷ್ಟ. ಟ್ರ್ಯಾಕ್ಟರ್ ಇಟ್ಟುಕೊಂಡ ಮನೆಗಳ ಸದಸ್ಯೆಯರೂ ನಮ್ಮ ಸಂಘಗಳಲ್ಲಿ ಇದ್ದೀರಿ. ಇವತ್ತೇ ಮನೆಗೆ ಹೋಗಿ ಟ್ರ್ಯಾಕ್ಟರಿಗೂ ಟ್ರೈಲರಿಗೂ ವಿಮೆ ಇದೆಯೇ, ಹಿಂದೆ ಕೆಂಪು ರಿಫ್ಲೆಕ್ಟರ್ ಇದೆಯೇ ನೋಡಿ.

ಮೊದಲ ಗಂಟೆಯಲ್ಲಿ

108ಕ್ಕೆ ಅಥವಾ 112ಕ್ಕೆ ಫೋನ್ ಮಾಡಿ. ಬಿದ್ದವರನ್ನು ಕೈಕಾಲು ಹಿಡಿದು ಮಡಚಿ ಆಟೋದೊಳಕ್ಕೆ ತುರುಕಬೇಡಿ. ಕತ್ತು, ಬೆನ್ನುಹುರಿಗೆ ಪೆಟ್ಟಾಗಿದ್ದರೆ ಆ ಒಂದು ಎಳೆತಕ್ಕೆ ಕಾಲಿನ ಸ್ವಾಧೀನವೇ ಹೋಗಬಹುದು. ಅರೆಪ್ರಜ್ಞೆಯಲ್ಲಿ ಇರುವವರಿಗೆ ನೀರು ಕುಡಿಸಬೇಡಿ, ಶ್ವಾಸನಾಳಕ್ಕೆ ಹೋಗುತ್ತದೆ. ರಕ್ತ ಸುರಿಯುವ ಕಡೆ ಶುಭ್ರವಾದ ಬಟ್ಟೆ ಇಟ್ಟು ಒತ್ತಿ ಹಿಡಿಯಿರಿ. ಕಾಫಿಪುಡಿ, ಅರಿಸಿನ ಮೆತ್ತಬೇಡಿ.

ನಡೆಯುವವರಿಗೆ ಬೀಳುವ ಪೆಟ್ಟು ಒಂದೇ ಕಡೆ ಇರುವುದಿಲ್ಲ. ಗಾಡಿಯ ಮುಂಭಾಗ ಮೊದಲು ಕಾಲಿಗೆ ಬಡಿಯುತ್ತದೆ, ಆಮೇಲೆ ಸೊಂಟ, ಹೊಟ್ಟೆ, ಕೊನೆಗೆ ತಲೆ ನೆಲಕ್ಕೆ. ಮುರಿದ ಕಾಲು ಎಲ್ಲರಿಗೂ ಕಾಣುತ್ತದೆ, ತಲೆಯೊಳಗಿನ ರಕ್ತ ಕಾಣುವುದಿಲ್ಲ. ಎದ್ದು ಕೂತು, "ನಂಗೇನೂ ಆಗಿಲ್ಲ ಬುಡಿ" ಎಂದು ಮಾತಾಡಿದವರು ಕೆಲವು ಗಂಟೆಗಳಾದ ಮೇಲೆ ವಾಂತಿ ಮಾಡಿಕೊಂಡು, ನಿದ್ದೆ ಬಂದಂತೆ ಮಲಗಿ, ಮತ್ತೆ ಏಳದೇ ಇರಬಹುದು. ತಲೆಗೆ ಪೆಟ್ಟು ಬಿದ್ದವರನ್ನು ಒಂದು ದಿನ ಒಬ್ಬರನ್ನೇ ಬಿಡಬೇಡಿ. ವಾಂತಿ, ಹೆಚ್ಚುತ್ತಿರುವ ತಲೆನೋವು, ಮಾತು ತೊದಲುವುದು, ಕಿವಿ ಮೂಗಿನಲ್ಲಿ ರಕ್ತ ಅಥವಾ ನೀರು, ಇವುಗಳಲ್ಲಿ ಒಂದು ಕಂಡರೂ ರಾತ್ರಿಯೇ ಆಸ್ಪತ್ರೆಗೆ. ಹೊಟ್ಟೆ ಗಟ್ಟಿಯಾಗಿ ಊದಿ, ಮೈ ತಣ್ಣಗಾಗಿ ಬೆವರಿದರೆ ಒಳಗೆ ರಕ್ತ ಹರಿಯುತ್ತಿದೆ ಎಂದು ತಿಳಿಯಿರಿ.

ಆಸ್ಪತ್ರೆಗೆ ಸೇರಿಸಿದವರನ್ನು ಪೊಲೀಸರು ಹಿಡಿದುಕೊಳ್ಳುತ್ತಾರೆ ಎಂಬ ಹೆದರಿಕೆ ಹಳೆಯದು. ನೆರವಾದವರಿಗೆ ರಕ್ಷಣೆ ಕೊಡಲು ಕರ್ನಾಟಕದಲ್ಲಿ 2016ರ ಕಾಯ್ದೆ ಇದೆ. 2019ರ ತಿದ್ದುಪಡಿಯಲ್ಲಿ ಕೇಂದ್ರದ ಕಾಯ್ದೆಯೂ ಅದನ್ನು ಹೇಳಿದೆ. ಹೆಸರು ಹೇಳು, ಸಾಕ್ಷಿ ಹಾಕು ಎಂದು ಬಲವಂತ ಮಾಡುವಂತಿಲ್ಲ.

ಖರ್ಚಿನ ಭಯಕ್ಕೂ ಈಗ ಒಂದು ದಾರಿ ಇದೆ. 2025ರ ಮೇ ತಿಂಗಳಲ್ಲಿ ಕೇಂದ್ರ ಸರ್ಕಾರ ನಗದುರಹಿತ ಚಿಕಿತ್ಸೆಯ ಯೋಜನೆ ಜಾರಿಗೆ ತಂದಿತು. ಅಪಘಾತವಾದ ದಿನದಿಂದ 7 ದಿನದವರೆಗೆ, ಒಬ್ಬ ಗಾಯಾಳುವಿಗೆ 1.5 ಲಕ್ಷ ರೂಪಾಯಿವರೆಗೆ, ಗೊತ್ತುಪಡಿಸಿದ ಆಸ್ಪತ್ರೆಗಳಲ್ಲಿ ಚಿಕಿತ್ಸೆ. ಇದಕ್ಕೂ ಪೊಲೀಸರ ದೃಢೀಕರಣ ಬೇಕು. ನೋಡಿ, ಇಲ್ಲಿಯೂ ಪೊಲೀಸರಿಗೆ ತಿಳಿಸದಿದ್ದರೆ ನಷ್ಟ ನಮಗೇ.

ಮೂರು ಕಾಗದ

ಕೊಳ್ಳೇಗಾಲದ ಆಸ್ಪತ್ರೆ ಇರಲಿ, ಚಾಮರಾಜನಗರ, ಮೈಸೂರಿನದ್ದಿರಲಿ, ಒಳಗೆ ಹೋದ ತಕ್ಷಣ ವೈದ್ಯರಿಗೆ ನಿಜ ಹೇಳಿ: ಇಂಥ ಕಡೆ, ಇಷ್ಟು ಹೊತ್ತಿಗೆ, ಇಂಥ ಗಾಡಿ ಬಡಿಯಿತು. ಅವರು ಎಂ.ಎಲ್.ಸಿ. ಎಂದು ಬರೆದುಕೊಳ್ಳುತ್ತಾರೆ, ಪೊಲೀಸರಿಗೂ ತಿಳಿಸುತ್ತಾರೆ. "ಜಾರಿ ಬಿದ್ದೆ ಅಂತ ಬರೆಸು, ಆಮೇಲೆ ನೋಡ್ಕಳ್ಳಣ" ಎಂದು ಯಾರಾದರೂ ಕಿವಿಯಲ್ಲಿ ಹೇಳಿದರೆ ಕೇಳಬೇಡಿ. ಆ ಒಂದು ಸಾಲು ಮುಂದೆ ಇಡೀ ಕೇಸನ್ನು ಮುರಿಯುತ್ತದೆ. ನಾಟಿ ವೈದ್ಯದಲ್ಲಿ ನಂಬಿಕೆ ಇರುವವರೂ ಮೊದಲು ಆಸ್ಪತ್ರೆಯಲ್ಲಿ ಎಕ್ಸ್-ರೇ ತೆಗೆಸಿ ಚೀಟಿ ಇಟ್ಟುಕೊಳ್ಳಿ.

ಎರಡನೆಯದು ಎಫ್.ಐ.ಆರ್. ಯಾವ ಠಾಣೆಯ ಸರಹದ್ದು ಎಂದು ಅಲೆದಾಡಬೇಕಿಲ್ಲ. ಯಾವ ಠಾಣೆಯಲ್ಲಾದರೂ ದೂರು ತೆಗೆದುಕೊಂಡು ಸರಿಯಾದ ಠಾಣೆಗೆ ಕಳಿಸಬೇಕು. ಗಾಯಾಳು ಮಲಗಿದ್ದರೆ ಮನೆಯವರೋ ನೋಡಿದವರೋ ಕೊಡಬಹುದು. ಪ್ರತಿಯನ್ನು ಪುಕ್ಕಟೆ ಕೊಡಬೇಕು, ಕೇಳಿ ಪಡೆಯಿರಿ.

ಮೂರನೆಯದು ಗಾಡಿಯ ನಂಬರ್. ಕಾಗದ ಪೆನ್ನು ಇಲ್ಲದಿದ್ದರೆ ಮೊಬೈಲಿನಲ್ಲಿ ಫೋಟೋ ತೆಗೆಯಿರಿ. ಟ್ರೈಲರಿಗೆ ಬೇರೆ ನಂಬರ್ ಇರುತ್ತದೆ, ಅದನ್ನೂ ತೆಗೆಯಿರಿ. ಆಮೇಲೆ ಬರುವ ಬಿಲ್ಲು, ಔಷಧಿ ಚೀಟಿ, ಆಂಬುಲೆನ್ಸ್ ರಸೀದಿ, ಡಿಸ್‌ಚಾರ್ಜ್ ಕಾಗದ ಎಲ್ಲವನ್ನೂ ಒಂದೇ ಚೀಲದಲ್ಲಿ ಹಾಕಿಡಿ. ಒಬ್ಬ ಸದಸ್ಯೆಯ ಮನೆಯಲ್ಲಿ ಒಲೆ ಹಚ್ಚಲು ಉಪಯೋಗಿಸಿದ ಬಿಲ್ಲುಗಳ ಕಥೆ ನಮಗೆ ಗೊತ್ತಿದೆ!

ಪರಿಹಾರದ ಲೆಕ್ಕ

ಅರ್ಜಿ ಹಾಕುವುದು ಮೋಟಾರು ವಾಹನ ಅಪಘಾತ ಪರಿಹಾರ ನ್ಯಾಯಮಂಡಳಿಗೆ, ಕಾಯ್ದೆಯ 166ನೇ ಕಲಮಿನ ಕೆಳಗೆ. ಅಪಘಾತ ಎಲ್ಲೇ ಆಗಿರಲಿ, ನಾವು ವಾಸ ಮಾಡುವ ಸ್ಥಳದ ನ್ಯಾಯಮಂಡಳಿಯಲ್ಲೇ ಹಾಕಬಹುದು. ಬೆಂಗಳೂರಿಗೆ ಗಾರೆ ಕೆಲಸಕ್ಕೆ ಹೋದವರಿಗೆ ಅಲ್ಲಿ ಅಪಘಾತವಾದರೆ ಇದು ದೊಡ್ಡ ಅನುಕೂಲ. 2022ರ ಏಪ್ರಿಲ್ 1ರಿಂದ ಅರ್ಜಿಗೆ ಆರು ತಿಂಗಳ ಗಡುವು ಬಂದಿದೆ. ಈ ಗಡುವನ್ನು ಪ್ರಶ್ನಿಸಿದ ಮೊಕದ್ದಮೆಯಲ್ಲಿ, ತಡವಾಯಿತೆಂದು ಅರ್ಜಿ ವಜಾ ಮಾಡಬೇಡಿ ಎಂದು ಸುಪ್ರೀಂ ಕೋರ್ಟ್ 2025ರ ನವೆಂಬರಿನಲ್ಲಿ ಮಧ್ಯಂತರ ಆದೇಶ ಕೊಟ್ಟಿತು. ಅದನ್ನೇ ನಂಬಿ ಕೂರಬೇಡಿ, ಆರು ತಿಂಗಳೊಳಗೆ ಹಾಕಿ. ತಡವಾಗಿದ್ದವರು, ರಾಜಿ ಕಾಗದಕ್ಕೆ ಸಹಿ ಹಾಕಿದವರು ಕೂಡ ವಕೀಲರನ್ನು ಒಮ್ಮೆ ಕೇಳದೆ ಕೈಬಿಡಬೇಡಿ.

"ನಾನೇನು ಸಂಬಳಗಾರ್ತಿನಾ, ನಂಗೆಷ್ಟು ಕೊಟ್ಟಾರು?" ಎಂದು ಸಭೆಯಲ್ಲಿ ಕೇಳಿದವರುಂಟು. ಮನೆಗೆಲಸಕ್ಕೂ ಬೆಲೆ ಇದೆ ಎಂದು ಸುಪ್ರೀಂ ಕೋರ್ಟ್ 2001ರಲ್ಲಿ ಹೇಳಿ, ಆಗ ಅದನ್ನು ತಿಂಗಳಿಗೆ 3,000 ರೂಪಾಯಿ ಎಂದು ಎಣಿಸಿತ್ತು. 2021ರಲ್ಲಿ ಮತ್ತೊಮ್ಮೆ ಅದನ್ನೇ ಒತ್ತಿ ಹೇಳಿತು. ಒಂದು ಲೆಕ್ಕ ಮಾಡೋಣ. 38 ವರ್ಷದ ಸದಸ್ಯೆ. ಕೂಲಿ, ಹಸು, ಮನೆಗೆಲಸ ಎಲ್ಲ ಸೇರಿ ತಿಂಗಳಿಗೆ 10,000 ಎಂದು ನ್ಯಾಯಮಂಡಳಿ ಒಪ್ಪಿತು ಎಂದಿಟ್ಟುಕೊಳ್ಳಿ. ವರ್ಷಕ್ಕೆ 1,20,000. 36ರಿಂದ 40 ವಯಸ್ಸಿನವರಿಗೆ ಗುಣಿಸುವ ಅಂಕಿ 15. ಅಪಘಾತದಿಂದ ಅವರ ದುಡಿಯುವ ಶಕ್ತಿ ನೂರಕ್ಕೆ ಇಪ್ಪತ್ತು ಹೋಗಿದ್ದರೆ 3,60,000 ರೂಪಾಯಿ. ಇದು ಗಳಿಕೆ ನಷ್ಟಕ್ಕೆ ಮಾತ್ರ. ಚಿಕಿತ್ಸೆ, ಓಡಾಟ, ನೋವು, ಮಲಗಿದ್ದ ತಿಂಗಳುಗಳ ಕೂಲಿ ಬೇರೆ. ಇಪ್ಪತ್ತು ಸಾವಿರದ ರಾಜಿಯನ್ನು ಇದರ ಪಕ್ಕ ಇಟ್ಟು ನೋಡಿ.

ಇಲ್ಲಿ ಒಂದು ಸೂಕ್ಷ್ಮ ಇದೆ. ಡಾಕ್ಟರು ಬರೆಯುವ ಅಂಗವಿಕಲತೆಯ ಶೇಕಡಾ ಬೇರೆ, ದುಡಿಮೆಗೆ ಆದ ನಷ್ಟ ಬೇರೆ ಎಂದು ಸುಪ್ರೀಂ ಕೋರ್ಟ್ 2010ರಲ್ಲಿ ಸ್ಪಷ್ಟಪಡಿಸಿದೆ. ಮಂಡಿ ಬಗ್ಗದಿದ್ದರೆ ಕುರ್ಚಿಯಲ್ಲಿ ಕೂತು ಬರೆಯುವವರಿಗೆ ಕಡಿಮೆ ನಷ್ಟ, ನಾಟಿ ಹಾಕುವವರಿಗೆ ಪೂರ್ತಿ ಬದುಕೇ ನಷ್ಟ. ಆದ್ದರಿಂದ ನೀವು ಏನು ಕೆಲಸ ಮಾಡುತ್ತಿದ್ದಿರಿ, ಈಗ ಯಾವುದು ಆಗುತ್ತಿಲ್ಲ ಎಂದು ವಕೀಲರಿಗೆ ಬಿಡಿಸಿ ಹೇಳಿ. ಸಂಘದ ಉಳಿತಾಯದ ಪುಸ್ತಕ, ಡೈರಿಯ ಪುಸ್ತಕ, ಉದ್ಯೋಗ ಖಾತ್ರಿಯ ಹಾಜರಿ, ಇವೆಲ್ಲ ನಿಮ್ಮ ದುಡಿಮೆಗೆ ಸಾಕ್ಷಿಯಾಗುತ್ತವೆ. ತಪ್ಪಿನಲ್ಲಿ ನಮ್ಮ ಪಾಲೂ ಇದ್ದರೆ, ಉದಾಹರಣೆಗೆ ನೋಡದೆ ರಸ್ತೆಗೆ ಓಡಿದ್ದರೆ, ಅಷ್ಟು ಪಾಲು ಕಡಿಮೆ ಮಾಡುತ್ತಾರೆ. ತಪ್ಪು ಯಾರದೆಂದು ಸಾಬೀತು ಮಾಡದೆಯೇ ಸಾವಿಗೆ 5 ಲಕ್ಷ, ತೀವ್ರ ಗಾಯಕ್ಕೆ 2.5 ಲಕ್ಷ ಪಡೆಯುವ 164ನೇ ಕಲಮೂ ಇದೆ. ಎರಡರಲ್ಲಿ ಒಂದನ್ನೇ ಆರಿಸಬೇಕು. ಯಾವುದು ಲಾಭ ಎಂದು ವಿಚಾರಿಸಿ ಹಾಕಿ.

ಗುದ್ದಿ ಓಡಿಹೋದ ಗಾಡಿ ಪತ್ತೆಯೇ ಆಗದಿದ್ದರೆ? ಆಗಲೂ ಸಾವಿಗೆ 2 ಲಕ್ಷ, ತೀವ್ರ ಗಾಯಕ್ಕೆ 50,000 ರೂಪಾಯಿ ಇದೆ. 2022ರ ಏಪ್ರಿಲಿಗೆ ಮುಂಚೆ ಇದು 25,000 ಮತ್ತು 12,500 ಮಾತ್ರ ಇತ್ತು. ಇದಕ್ಕೆ ಕೋರ್ಟಿಗೆ ಹೋಗಬೇಕಿಲ್ಲ. ಉಪವಿಭಾಗಾಧಿಕಾರಿ ಅಥವಾ ತಹಸೀಲ್ದಾರರ ಕಚೇರಿಯಲ್ಲಿ ಅರ್ಜಿ. ಈ ಹಣ ಇದೆ ಎಂದೇ ಗೊತ್ತಿಲ್ಲದ ಮನೆಗಳು ನಮ್ಮಲ್ಲಿ ಬಹಳ.

ಸರ್ಕಾರದ ಪರಿಹಾರ ಬಂದ ಮೇಲೆ ಕೇಸು ಹಾಕುವಂತಿಲ್ಲ ಎನ್ನುವುದೂ ತಪ್ಪು ತಿಳುವಳಿಕೆ. 2025ರ ಸೆಪ್ಟೆಂಬರ್ 12ರ ರಾತ್ರಿ ಹಾಸನ ತಾಲ್ಲೂಕಿನ ಮೊಸಳೆಹೊಸಹಳ್ಳಿಯಲ್ಲಿ ಗಣೇಶನ ಮೆರವಣಿಗೆಯ ಮೇಲೆ ಲಾರಿ ನುಗ್ಗಿದ್ದು ನೆನಪಿರಬಹುದು. ಸತ್ತವರಲ್ಲಿ ಹೆಚ್ಚಿನವರು ಓದುವ ವಯಸ್ಸಿನ ಹುಡುಗರು. ರಾಜ್ಯ ಸರ್ಕಾರ ತಲಾ 5 ಲಕ್ಷ ಘೋಷಿಸಿತು. ಅಂಥ ಹಣ ಸರ್ಕಾರದ ನೆರವು. ಗಾಡಿಯ ವಿಮೆಯಿಂದ ಬರಬೇಕಾದದ್ದು ಕಾನೂನಿನ ಹಕ್ಕು. ಒಂದು ಸಿಕ್ಕಿತೆಂದು ಇನ್ನೊಂದು ಹೋಗುವುದಿಲ್ಲ.

ವಕೀಲರ ಫೀಜಿಗೆ ಹೆದರಬೇಡಿ. ಹೆಂಗಸರಿಗೆ ಆದಾಯ ಎಷ್ಟೇ ಇದ್ದರೂ ಉಚಿತ ಕಾನೂನು ನೆರವು ಇದೆ. ತಾಲ್ಲೂಕು ಕಾನೂನು ಸೇವಾ ಸಮಿತಿ ನ್ಯಾಯಾಲಯದ ಆವರಣದಲ್ಲೇ ಇರುತ್ತದೆ, ಫೋನ್ ನಂಬರ್ 15100. ಆಸ್ಪತ್ರೆಯ ಬಾಗಿಲಲ್ಲೇ ಬಂದು "ನಾನು ಕೇಸು ಹಾಕಿಸ್ತೀನಿ, ಬಂದದ್ರಲ್ಲಿ ಅರ್ಧ ನಂಗೆ" ಎನ್ನುವ ದಳ್ಳಾಳಿಗಳಿಗೆ ಆಧಾರ್, ಪಾಸ್‌ಬುಕ್ಕು, ಸಹಿ ಮಾಡಿದ ಖಾಲಿ ಚೆಕ್ಕು ಕೊಡಬೇಡಿ. ಬಡಿದ ಗಾಡಿಗೆ ವಿಮೆ ಇಲ್ಲ, ಬೇರೆ ಗಾಡಿ ತೋರಿಸೋಣ ಎಂದರೆ ಒಪ್ಪಲೇಬೇಡಿ. ಅದು ಸುಳ್ಳು ಕೇಸು, ಜೈಲಿಗೆ ದಾರಿ.

ಬ್ಯಾಂಕ್ ಖಾತೆಯಿಂದ ವರ್ಷಕ್ಕೆ 20 ರೂಪಾಯಿ ಕಡಿತವಾಗುವ ಪ್ರಧಾನಮಂತ್ರಿ ಸುರಕ್ಷಾ ಬಿಮಾ ಯೋಜನೆ ನಿಮ್ಮಲ್ಲಿ ಹಲವರಿಗಿದೆ. ಅಪಘಾತದಲ್ಲಿ ಸತ್ತರೆ ಮನೆಯವರಿಗೆ 2 ಲಕ್ಷ. ಇದು ಮೇಲಿನ ಎಲ್ಲದರ ಜೊತೆಗೆ ಸಿಗುವಂಥದ್ದು. ಖಾತೆಯಲ್ಲಿ ಮೇ ತಿಂಗಳ ಕೊನೆಗೆ ಇಪ್ಪತ್ತು ರೂಪಾಯಿ ಇಲ್ಲದೆ ಎಷ್ಟೋ ಜನರದ್ದು ನಿಂತುಹೋಗಿದೆ. ಪಾಸ್‌ಬುಕ್ ಎಂಟ್ರಿ ಮಾಡಿಸಿ ನೋಡ್ಕೊಳ್ಳಿ.

ಮುಂದಿನ ಸಭೆಯಲ್ಲಿ ಚರ್ಚಿಸಲು

1. ನಮ್ಮೂರಿನ ರಸ್ತೆಯಲ್ಲಿ ಕತ್ತಲು, ತಿರುವು ಇರುವ ಅಪಾಯದ ಜಾಗ ಯಾವುದು? ದೀಪಕ್ಕಾಗಿ ಪಂಚಾಯಿತಿಗೆ ಅರ್ಜಿ ಬರೆಯುವವರು ಯಾರು?

2. ಬೆಳಗಿನ ಜಾವ ಡೈರಿಗೆ ಹೋಗುವವರು ಬಲಬದಿಯಲ್ಲಿ, ಎದುರಿಗೆ ಬರುವ ಗಾಡಿ ಕಾಣುವಂತೆ ನಡೆಯುತ್ತಿದ್ದೇವೆಯೇ? ಟಾರ್ಚು, ಬಿಳಿ ಟವೆಲ್ಲು ಇದೆಯೇ?

3. ಸಂಘದಲ್ಲಿ ಯಾರಿಗಾದರೂ ಅಪಘಾತವಾದರೆ ಆಸ್ಪತ್ರೆಗೆ ಒಬ್ಬರು, ಠಾಣೆಗೆ ಒಬ್ಬರು ಹೋಗಬೇಕು. ಆ ಇಬ್ಬರು ಯಾರು? ಹೆಸರನ್ನು ನಡಾವಳಿ ಪುಸ್ತಕದಲ್ಲಿ ಬರೆಯಿರಿ.

4. ಕಳೆದ ಆರು ತಿಂಗಳಲ್ಲಿ ನಮ್ಮ ಬೀದಿಯಲ್ಲಿ ಯಾರಿಗಾದರೂ ಗಾಡಿ ಬಡಿದು ರಾಜಿ ಆಗಿದೆಯೇ? ಆಗಿದ್ದರೆ ಅವರನ್ನು ಈ ವಾರವೇ ನಮ್ಮ ಕಾರ್ಯಕರ್ತೆಯ ಬಳಿ ಕರೆತನ್ನಿ.