ಸಣ್ಣ ತೋಟ ಲಾಭಕ್ಕೆ ಬರಬೇಕಾದರೆ ಮೊದಲು ತುಂಡು ತುಂಡಾಗಿ ಲೆಕ್ಕ ಬರೆಯಿರಿ

ಮಲೆನಾಡಿನಲ್ಲಿ ಒಂದು, ಒಂದೂವರೆ ಎಕರೆ ಅಡಿಕೆ ತೋಟ ಇರುವವರನ್ನು ಕೇಳಿ ನೋಡಿ. ಎಷ್ಟು ಕ್ವಿಂಟಾಲ್ ಆಯ್ತು, ಯಾವ ರೇಟಿಗೆ ಹೋಯ್ತು ಎಂಬುದು ತಕ್ಷಣ ಬಾಯಿಗೆ ಬರುತ್ತದೆ. "ಸರಿ, ಖರ್ಚು ಕಳೆದು ಉಳಿದದ್ದೆಷ್ಟು?" ಎಂದರೆ ಮಾತ್ರ "ಹೆಂಗೋ ನಡೀತಿದೆ ಮಾರಾಯ್ರೆ" ಎಂಬ ಉತ್ತರ. ಈ 'ಹೆಂಗೋ' ಅನ್ನುವುದರಲ್ಲೇ ಸಣ್ಣ ಹಿಡುವಳಿಯ ಕಷ್ಟ ಇರೋದು. ಹತ್ತು ಎಕರೆಯವರು ಒಂದು ಮೂಲೆಯಲ್ಲಿ ನಷ್ಟವಾದರೂ ತಡೆದುಕೊಂಡಾರು. ಒಂದು ಎಕರೆಯವರಿಗೆ ಅರ್ಧ ಎಕರೆಯ ನಷ್ಟ ಎಂದರೆ ಮಗನೋ ಮಗಳೋ ಬೆಂಗಳೂರು ಬಸ್ಸು ಹತ್ತಬೇಕು ಎಂದೇ ಅರ್ಥ.

ಲಾಭ ಹೆಚ್ಚಿಸಲು ಹೊಸ ಬೆಳೆ ಯಾವುದು ಎಂದು ಹುಡುಕುವ ಮೊದಲು, ಈಗಿರುವ ಜಾಗದಲ್ಲಿ ಯಾವ ತುಂಡು ದುಡಿಯುತ್ತಿದೆ, ಯಾವ ತುಂಡು ತಿನ್ನುತ್ತಿದೆ ಎಂದು ತಿಳಿಯಬೇಕು. ಈ ವಾರ ಅದನ್ನು ಮಾಡುವ ಕ್ರಮ ನೋಡೋಣ.

ಈ ಪಾಠ ನಮ್ಮ ನೆಲದ್ದೇ

ತೀರ್ಥಹಳ್ಳಿ ತಾಲ್ಲೂಕಿನ ಕವಲೇದುರ್ಗದ ಕೋಟೆ ನೋಡಲು ಈಗ ದಿನವೂ ಜನ ಬರುತ್ತಾರೆ. ಅದು ಕೆಳದಿ ಅರಸರ ಕೋಟೆ. ಅದೇ ವಂಶದ ಶಿವಪ್ಪ ನಾಯಕ (1645–1660) ಇಂದಿಗೂ 'ಶಿಸ್ತಿನ ಶಿವಪ್ಪ ನಾಯಕ' ಎಂದೇ ಹೆಸರಾದವನು. ಇಲ್ಲಿ ಶಿಸ್ತು ಎಂದರೆ ಭೂಕಂದಾಯದ ದರ. ಅದನ್ನು ಆತ ಅಂದಾಜಿನ ಮೇಲೆ ಕಟ್ಟಲಿಲ್ಲ. ಬಿ.ಎಲ್. ರೈಸ್ ಅವರ ಮೈಸೂರು ಗೆಜೆಟಿಯರ್ ಹೇಳುವಂತೆ, ಪ್ರತಿ ಊರಿನಲ್ಲಿ ಒಂದೊಂದು ತರಹದ ಒಂದೊಂದು ಗದ್ದೆಯನ್ನು 12 ವರ್ಷ ತನ್ನ ಖರ್ಚಿನಲ್ಲೇ ಬೇಸಾಯ ಮಾಡಿಸಿದ. ಬಿತ್ತಿದ ಬೀಜ ಎಷ್ಟು, ಖರ್ಚು ಎಷ್ಟು, ಬಂದ ಫಸಲು ಎಷ್ಟು, ಅದರ ಬೆಲೆ ಎಷ್ಟು ಎಂದು ಬರೆಸಿದ. ಆಮೇಲೆ ಸರಾಸರಿ ತೆಗೆದು, ಮೂರನೇ ಒಂದು ಪಾಲನ್ನು ಕಂದಾಯ ಎಂದು ಗೊತ್ತು ಮಾಡಿದ.

ಆತ ಲೆಕ್ಕ ಬರೆಸಿದ್ದು ಕಂದಾಯಕ್ಕೆ, ನಾವು ಬರೆಯಬೇಕಾದ್ದು ನಮ್ಮ ಉಳಿತಾಯಕ್ಕೆ. ಕ್ರಮ ಮಾತ್ರ ಒಂದೇ: ಪ್ರತಿ ತರಹದ ನೆಲಕ್ಕೂ ಬೇರೆ ಬೇರೆ ಲೆಕ್ಕ, ಒಂದು ವರ್ಷದ ಮೇಲೆ ತೀರ್ಮಾನ ಇಲ್ಲ.

ಲೆಕ್ಕ ಬರೆಯುವುದು ಹೇಗೆ?

ನೂರು ಹಾಳೆಯ ಒಂದು ನೋಟ್ ಪುಸ್ತಕ ಸಾಕು. ಮೊದಲು ಜಾಗವನ್ನು ತುಂಡು ಮಾಡಿ ಹೆಸರಿಡಿ: ಮೇಲಿನ ತೋಟ, ಕೆಳಗಿನ ತೋಟ, ಗದ್ದೆ, ಹಿತ್ತಲು, ಕೊಟ್ಟಿಗೆ. ಪ್ರತಿ ತುಂಡಿಗೆ ನಾಲ್ಕೈದು ಪುಟ ಬಿಡಿ. ಪ್ರತಿ ಪುಟದಲ್ಲಿ ಇಷ್ಟು ಬರಲಿ:

• ದಿನಾಂಕ ಮತ್ತು ಕೆಲಸ
• ಕೂಲಿ ಆಳು ಎಷ್ಟು, ಕೊಟ್ಟದ್ದೆಷ್ಟು
• ಮನೆಯವರು ಎಷ್ಟು ದಿನ ಮಾಡಿದರು
• ಗೊಬ್ಬರ, ಸೊಪ್ಪು, ಮೈಲುತುತ್ತ, ಸುಣ್ಣ, ಡೀಸೆಲ್ ಇತ್ಯಾದಿ
• ಬಂದ ಮಾಲು, ತೂಕ, ಬೆಲೆ

ಮೂರನೆಯ ಸಾಲನ್ನು ಬಹಳ ಜನ ಬರೆಯುವುದೇ ಇಲ್ಲ. "ಮನೆ ಕೆಲಸಕ್ಕೆ ಯಾರು ಕೂಲಿ ಕೊಡ್ತಾರೆ?" ಅಂತಾರೆ. ಆದರೆ ಕೊಯ್ಲಿನ ಕಾಲದಲ್ಲಿ ರಾತ್ರಿ ಹನ್ನೊಂದರವರೆಗೆ ಅಡಿಕೆ ಸುಲಿಯುವ ಹೆಂಗಸರ ಕೂಲಿ ಲೆಕ್ಕಕ್ಕೆ ಬಾರದಿದ್ದರೆ, ನಾವು ಲಾಭ ಎಂದುಕೊಂಡಿದ್ದು ಅವರ ಕೂಲಿಯೇ ಆಗಿರಬಹುದು.

ಒಂದು ಉದಾಹರಣೆ ನೋಡಿ. ಅಂಕಿಗಳು ಲೆಕ್ಕ ತೋರಿಸಲು ಮಾತ್ರ, ನಿಮ್ಮವು ಬೇರೆ ಇರುತ್ತವೆ. ಮೇಲಿನ ತೋಟ 20 ಗುಂಟೆ, ಕೆಳಗಿನದ್ದು 20 ಗುಂಟೆ. ಒಣ ಅಡಿಕೆ ಕ್ವಿಂಟಾಲಿಗೆ 45,000 ರೂ., ಮನೆಯವರ ಕೂಲಿ ದಿನಕ್ಕೆ 600 ರೂ. ಎಂದಿಟ್ಟುಕೊಳ್ಳಿ.

• ಮೇಲಿನ ತೋಟ: 4 ಕ್ವಿಂಟಾಲ್, 1,80,000 ರೂ. ಕೈ ಖರ್ಚು 70,000, ಮನೆ ಕೂಲಿ 30 ದಿನಕ್ಕೆ 18,000. ಉಳಿದದ್ದು 92,000 ರೂ.
• ಕೆಳಗಿನ ತೋಟ: 2 ಕ್ವಿಂಟಾಲ್, 90,000 ರೂ. ಕೈ ಖರ್ಚು 70,000, ಮನೆ ಕೂಲಿ 40 ದಿನಕ್ಕೆ 24,000. ನಷ್ಟ 4,000 ರೂ.

ಒಟ್ಟಿಗೆ ಲೆಕ್ಕ ಹಾಕಿ ಮನೆ ಕೂಲಿ ಬಿಟ್ಟರೆ 1,30,000 ರೂ. ಉಳಿದಂತೆ ಕಾಣುತ್ತದೆ. ನಿಜವಾಗಿ ಉಳಿದದ್ದು 88,000. ಕೆಳಗಿನ ತೋಟಕ್ಕೆ ಹಾಕಿದ 40 ದಿನದ ದುಡಿಮೆಗೆ ಪೂರಾ ಕೂಲಿಯೂ ಹುಟ್ಟಿಲ್ಲ. ಇದು ಗೊತ್ತಾದ ಮೇಲೆ ಮುಂದಿನ ಕೆಲಸ ಸುಲಭ.

ನಷ್ಟದ ತುಂಡಿಗೆ ಮೊದಲ ಮದ್ದು

ನಮ್ಮ ಕಡೆ ಕೆಳಗಿನ ತೋಟ ಸೋಲಲು ಹೆಚ್ಚಾಗಿ ಎರಡು ಕಾರಣ: ನೀರು ನಿಲ್ಲುವುದು ಮತ್ತು ಕೊಳೆ. ಗೊಬ್ಬರ ಹೆಚ್ಚು ಹಾಕಿದರೆ ಸರಿಹೋಗುವ ತೊಂದರೆ ಅಲ್ಲ ಇದು. ನೀರು ನಿಂತಲ್ಲಿ ಬೇರು ಉಸಿರಾಡುವುದಿಲ್ಲ, ಹಾಕಿದ ಗೊಬ್ಬರವೂ ಮರಕ್ಕೆ ಹತ್ತುವುದಿಲ್ಲ. ಮೊದಲು ಬಸಿಗಾಲುವೆ ಬಿಡಿಸಿ, ಬೇರಿನ ಮಟ್ಟಕ್ಕಿಂತ ಆಳ ಮಾಡಿ. ತೋಟದ ಕೊನೆಯಲ್ಲಿ ನೀರು ಹೊರಗೆ ಹೋಗುವ ಬಾಯಿ ಮುಚ್ಚಿದೆಯಾ ನೋಡಿ. ಮೇ ತಿಂಗಳಿನೊಳಗೆ ಈ ಕೆಲಸ ಮುಗಿಯಬೇಕು.

ಕೊಳೆ ರೋಗ ಹೊಸದೇನಲ್ಲ. ಮೈಸೂರು ಸಂಸ್ಥಾನದ ಕೃಷಿ ವಿಜ್ಞಾನಿಯಾಗಿದ್ದ ಕೆನಡಾದ ಲೆಸ್ಲಿ ಕೋಲ್ಮನ್ ಮಲೆನಾಡಿನ ಕೊಳೆ ರೋಗದ ಅಧ್ಯಯನವನ್ನು 1910ರಲ್ಲೇ ಪ್ರಕಟಿಸಿದ್ದರು. ಇಂದಿಗೂ ನಮ್ಮ ಮುಖ್ಯ ಆಯುಧ ಬೋರ್ಡೋ ದ್ರಾವಣವೇ. ಶೇ. 1ರ ದ್ರಾವಣಕ್ಕೆ 1 ಕಿಲೋ ಮೈಲುತುತ್ತ, 1 ಕಿಲೋ ಸುಣ್ಣ, 100 ಲೀಟರ್ ನೀರು. ಎರಡನ್ನೂ 50–50 ಲೀಟರಿನಲ್ಲಿ ಬೇರೆ ಬೇರೆ ಕರಗಿಸಿ, ಮೈಲುತುತ್ತದ ನೀರನ್ನು ಸುಣ್ಣದ ನೀರಿಗೆ ಸುರಿಯುತ್ತಾ ಕಲಕಬೇಕು. ಪಾತ್ರೆ ಪ್ಲಾಸ್ಟಿಕ್ಕಿನದ್ದಿರಲಿ, ಕಬ್ಬಿಣದ್ದು ಬೇಡ. ಹೊಳೆಯುವ ಚಾಕುವನ್ನು ಅದ್ದಿ ನೋಡಿ, ಅಲಗಿನ ಮೇಲೆ ಕೆಂಪು ತಾಮ್ರ ಹತ್ತಿದರೆ ಇನ್ನಷ್ಟು ಸುಣ್ಣದ ತಿಳಿ ಬೇಕು. ಮಾಡಿದ ದಿನವೇ ಹೊಡೆದು ಮುಗಿಸಿ. ಮೊದಲ ಸಿಂಪರಣೆ ಮಳೆ ಹಿಡಿಯುವ ಮುಂಚೆ, ಎರಡನೆಯದು 40–45 ದಿನ ಬಿಟ್ಟು. "ಮಳೆ ಬಿಡಲಿ ನೋಡೋಣ" ಎಂದು ಕಾದವರ ಅಡಿಕೆ ಮರದಡಿ ಉದುರಿರುತ್ತದೆ. ಬಿದ್ದ ಕೊಳೆ ಕಾಯಿಯನ್ನು ತೋಟದಲ್ಲೇ ಬಿಡದೆ ಹೆಕ್ಕಿ ಹೊರಗೆ ಹಾಕಿ.

ಗೆಲ್ಲುವ ತುಂಡಿನಲ್ಲಿ ಇನ್ನೊಂದು ಬೆಳೆ

ಹೆಚ್ಚುವರಿ ಬೆಳೆ ಹಾಕುವುದಾದರೆ ಚೆನ್ನಾಗಿರುವ ತುಂಡಿನಲ್ಲೇ ಹಾಕಿ. ಬಹಳ ಜನ ಉಲ್ಟಾ ಮಾಡ್ತಾರೆ. ಅಡಿಕೆ ಬಾರದ ಜೌಗಿನಲ್ಲಿ ಕಾಳುಮೆಣಸಿನ ಬಳ್ಳಿ ನೆಟ್ಟು, ಸೊರಗು ರೋಗಕ್ಕೆ ಕೊಟ್ಟು ಕೈ ತೊಳೆದುಕೊಳ್ಳುತ್ತಾರೆ. ಅಡಿಕೆಯ ಕೊಳೆ, ಮೆಣಸಿನ ಸೊರಗು ಎರಡೂ ಒಂದೇ ಜಾತಿಯ ಶಿಲೀಂಧ್ರದ ಕೆಲಸ, ನೀರು ನಿಂತಲ್ಲಿ ಎರಡಕ್ಕೂ ಹಬ್ಬ.

9 ಅಡಿ ಅಂತರದಲ್ಲಿ ನೆಟ್ಟರೆ ಎಕರೆಗೆ ಸುಮಾರು 540 ಅಡಿಕೆ ಮರ. ಅದರಲ್ಲಿ ಬಸಿಯುವ ಜಾಗದ 200 ಮರಕ್ಕೆ ಬಳ್ಳಿ ಹಬ್ಬಿಸಿ, ಬಳ್ಳಿಗೆ ಅರ್ಧ ಕಿಲೋ ಒಣ ಮೆಣಸು ಬಂದರೂ ಒಂದು ಕ್ವಿಂಟಾಲ್ ಆಯಿತು. ಇದಕ್ಕೆ ಹೊಸ ಜಮೀನು ಬೇಡ. ಪಣಿಯೂರು-1 ಜೊತೆಗೆ ಮಲ್ಲಿಗೆಸರ, ಉದ್ದಗೆರೆಯಂಥ ನಮ್ಮ ಕಡೆಯ ತಳಿಗಳನ್ನೂ ಬೆರೆಸಿ ನೆಡಿ. ಮೊದಲ ವರ್ಷ 30–40 ಬಳ್ಳಿ ಸಾಕು.

ಇರುವ ಗದ್ದೆಯನ್ನೂ ತೋಟ ಮಾಡುವ ಯೋಚನೆ ಇದ್ದರೆ ಒಂದು ಮಾತು. ಅಡಿಕೆ ಫಸಲಿಗೆ ಬರಲು ಐದಾರು ವರ್ಷ ಬೇಕು. ಅಷ್ಟು ವರ್ಷದ ಖರ್ಚು ಎಲ್ಲಿಂದ ಬರುತ್ತದೆ, ಮನೆಯ ಅಕ್ಕಿ, ದನದ ಹುಲ್ಲು ಕೊಳ್ಳಲು ಎಷ್ಟಾಗುತ್ತದೆ ಎಂದು ಮೊದಲು ಬರೆದು ನೋಡಿ. ಕೊಳ್ಳದೆ ಉಳಿಸಿದ ದುಡ್ಡೂ ಆದಾಯವೇ. ಹಿತ್ತಲ ತರಕಾರಿ, ಬಾಳೆ, ಮಲೆನಾಡು ಗಿಡ್ಡದ ಹಾಲು, ಸಗಣಿ, ಮರದ ಅಪ್ಪೆಮಿಡಿ ಇವಕ್ಕೂ ಪುಸ್ತಕದಲ್ಲಿ ಪೇಟೆ ಬೆಲೆ ಹಾಕಿ.

ಹಸಿ ಕೊಡುವುದೋ, ಬೇಯಿಸುವುದೋ?

ಇದಕ್ಕೆ ಎಲ್ಲರಿಗೂ ಒಂದೇ ಉತ್ತರ ಇಲ್ಲ. ನಿಮ್ಮ ತೋಟದ ಒಂದು ಕ್ವಿಂಟಾಲ್ ಹಸಿ ಅಡಿಕೆ ತೂಗಿ, ಸುಲಿದು, ಬೇಯಿಸಿ, ಒಣಗಿಸಿ ಮತ್ತೆ ತೂಗಿ. 12 ಕಿಲೋ ಬಂತು, ಕಿಲೋಗೆ 450 ರೂ. ಎಂದಾದರೆ 5,400 ರೂ. ಸುಲಿಯುವ ಕೂಲಿ, ಸೌದೆ, ಒಣಗಿಸುವುದು, ಸಾಗಾಟ ಸೇರಿ 900 ಆದರೆ ಉಳಿದದ್ದು 4,500. ಹಸಿಗೆ 4,600 ಕೊಡುವವರಿದ್ದರೆ ಪೂರಾ ಕೂಲಿಯಲ್ಲಿ ಬೇಯಿಸುವುದರಲ್ಲಿ ಅರ್ಥ ಇಲ್ಲ. 4,000ಕ್ಕೆ ಕೇಳಿದರೆ ಮನೆಯಲ್ಲೇ ಸಂಸ್ಕರಿಸಿ. ಚೇಣಿಗೆ ಕೊಡುವವರೂ ಇದೇ ರೀತಿ ಹೋಲಿಸಿ ನೋಡಿ ಮಾತಾಡಿ.

ಒಣ ಅಡಿಕೆ ಇಟ್ಟು ಕಾಯುವುದಕ್ಕೂ ಬೆಲೆ ಇದೆ. ನೂರಕ್ಕೆ ತಿಂಗಳಿಗೆ ಒಂದು ರೂಪಾಯಿ ಬಡ್ಡಿಯ ಸಾಲ ಇದ್ದರೆ, 45,000 ರೂ. ಬೆಲೆಯ ಒಂದು ಕ್ವಿಂಟಾಲ್ ಇಟ್ಟುಕೊಂಡದ್ದಕ್ಕೆ ತಿಂಗಳಿಗೆ 450 ರೂ. ಹೋಗುತ್ತದೆ. ಬೆಲೆ ಅದಕ್ಕಿಂತ ಏರದಿದ್ದರೆ ಕಾದದ್ದು ನಷ್ಟ. ಸಾಲಕ್ಕೆ ಬೇಕಾದಷ್ಟನ್ನು ಮೊದಲೇ ಮಾರಿ, ಉಳಿದದ್ದನ್ನು ಎರಡು ಮೂರು ಕಂತಿನಲ್ಲಿ ಕೊಡುವುದು ಸಣ್ಣವರಿಗೆ ಕ್ಷೇಮ. 1939ರಲ್ಲಿ ಶುರುವಾದ ಮ್ಯಾಮ್ಕೋಸ್‌ನಂಥ ಸಹಕಾರಿ ಸಂಘಗಳು ಇರುವುದೇ ಬೆಳೆಗಾರರು ಒಬ್ಬೊಬ್ಬರೇ ವ್ಯಾಪಾರಿಯ ಕೈಗೆ ಸಿಗಬಾರದು ಎಂದು. ಸದಸ್ಯತ್ವ ಇಲ್ಲದವರು ವಿಚಾರಿಸಿ.

ಈ ವರ್ಷವೇ ಶುರು ಮಾಡಿ

ಜೂನ್‌ನಿಂದ ಮೇವರೆಗೆ ಒಂದು ಲೆಕ್ಕದ ವರ್ಷ ಎಂದಿಟ್ಟುಕೊಳ್ಳಿ. ಪ್ರತಿ ತುಂಡಿನ ಮಣ್ಣನ್ನು ಬೇರೆ ಬೇರೆಯಾಗಿ ಪರೀಕ್ಷೆಗೆ ಕೊಡಿ. ಸಾಗರದ ಬಳಿಯ ಇರುವಕ್ಕಿಯಲ್ಲಿ ಶಿವಪ್ಪ ನಾಯಕನ ಹೆಸರಿನದೇ ಕೃಷಿ ವಿಶ್ವವಿದ್ಯಾಲಯ ಇದೆ, ಎಲೆಚುಕ್ಕೆಯಂಥ ರೋಗ ಕಂಡರೂ ಅಲ್ಲಿನವರನ್ನು ಕೇಳಿ. ಪುಸ್ತಕ ಬರೆಯುವ ಕೆಲಸ ಮನೆಯಲ್ಲಿ ಓದುವ ಮಕ್ಕಳಿಗೆ ವಹಿಸಿ. ಎರಡು ವರ್ಷದ ಲೆಕ್ಕ ಕೈಯಲ್ಲಿದ್ದರೆ, ಅವರು ಊರಲ್ಲಿ ಉಳಿಯಬೇಕೋ ಬೇಡವೋ ಎಂಬ ಮಾತನ್ನಾದರೂ ಅಂದಾಜಿನ ಮೇಲೆ ಆಡಬೇಕಾಗಿಲ್ಲ.