ಕಲ್ಲಿದ್ದಲು ಬಿಟ್ಟ ಬ್ರಿಟನ್

ಮಕ್ಕಳೇ, ನಿಮ್ಮ ತರಗತಿಯ ಫ್ಯಾನನ್ನು ವಿದ್ಯುತ್ ತಿರುಗಿಸುತ್ತದೆ. ವಿದ್ಯುತ್ ತಯಾರಿಸುವ ಯಂತ್ರವನ್ನು ತಿರುಗಿಸುವುದು ಯಾವುದು? ಉಷ್ಣ ವಿದ್ಯುತ್ ಸ್ಥಾವರದಲ್ಲಿ ಕಲ್ಲಿದ್ದಲು ಉರಿಸಿ ನೀರು ಕಾಯಿಸುತ್ತಾರೆ. ರಭಸದಿಂದ ನುಗ್ಗುವ ಹಬೆ ಟರ್ಬೈನನ್ನು ತಿರುಗಿಸುತ್ತದೆ. ಅದಕ್ಕೆ ಜೋಡಿಸಿದ ಜನರೇಟರ್ ವಿದ್ಯುತ್ ಉತ್ಪಾದಿಸುತ್ತದೆ. ನಮ್ಮ ರಾಯಚೂರಿನ ಶಕ್ತಿನಗರದಲ್ಲಿ ನಡೆಯುವುದೂ ಇದೇ.

ಜನರಿಗೆ ಹೀಗೆ ವಿದ್ಯುತ್ ಒದಗಿಸುವ ಕೆಲಸ ಲಂಡನ್ನಿನಲ್ಲಿ 1882ರಲ್ಲೇ ಆರಂಭವಾಗಿತ್ತು. 2012ರಲ್ಲೂ ಬ್ರಿಟನ್ನಿನ ವಿದ್ಯುತ್ತಿನಲ್ಲಿ ಸುಮಾರು ಶೇ. 40ರಷ್ಟು ಕಲ್ಲಿದ್ದಲಿನದೇ. ಆದರೆ 2024ರ ಸೆಪ್ಟೆಂಬರ್ 30ರಂದು ಅಲ್ಲಿನ ಕೊನೆಯ ಕಲ್ಲಿದ್ದಲು ಸ್ಥಾವರವಾದ ರ‍್ಯಾಟ್‌ಕ್ಲಿಫ್ ಕೆಲಸ ನಿಲ್ಲಿಸಿತು.

ಏಕೆ ಗೊತ್ತೆ? ಕಲ್ಲಿದ್ದಲಿನ ಬಹುಪಾಲು ಇಂಗಾಲ. 12 ಕಿಲೋಗ್ರಾಂ ಇಂಗಾಲ ಪೂರ್ತಿ ಉರಿದರೆ ಗಾಳಿಯ 32 ಕಿಲೋಗ್ರಾಂ ಆಮ್ಲಜನಕ ಅದರೊಡನೆ ಸೇರಿ 44 ಕಿಲೋಗ್ರಾಂ ಇಂಗಾಲದ ಡೈಆಕ್ಸೈಡ್ ಆಗುತ್ತದೆ. ಉರಿಸಿದ್ದಕ್ಕಿಂತ ಹೊರಬಂದದ್ದೇ ಹೆಚ್ಚು ತೂಕ! ಈ ಅನಿಲ ಭೂಮಿಯ ಶಾಖವನ್ನು ಹಿಡಿದಿಡುವುದರಿಂದ ಭೂಮಿ ಬಿಸಿಯಾಗುತ್ತಿದೆ.

ಈಗ ಬ್ರಿಟನ್ನಿನ ಸಮುದ್ರದಲ್ಲಿ ಸಾಲುಸಾಲು ಗಾಳಿಯಂತ್ರಗಳಿವೆ. ಇಲ್ಲಿ ಬೆಂಕಿಯೂ ಬೇಡ, ಹಬೆಯೂ ಬೇಡ. ಗಾಳಿಯೇ ಅಲಗುಗಳನ್ನು ತಿರುಗಿಸುತ್ತದೆ. ಗಾಳಿ ನಿಂತರೆ? ಆಗ ಹೆಚ್ಚಾಗಿ ನೈಸರ್ಗಿಕ ಅನಿಲ ಉರಿಸುತ್ತಾರೆ. ಅದರಿಂದಲೂ ಇಂಗಾಲದ ಡೈಆಕ್ಸೈಡ್ ಬರುತ್ತದೆ, ಕಲ್ಲಿದ್ದಲಿಗಿಂತ ಕಡಿಮೆ ಅಷ್ಟೆ. ಆದ್ದರಿಂದ ಅವರ ಕೆಲಸ ಅರ್ಧ ಮಾತ್ರ ಮುಗಿದಿದೆ ಎನ್ನಬೇಕು.

ಇನ್ನೊಂದು ಉಪಾಯವೂ ಇದೆ. ವೇಲ್ಸ್‌ನ ಡಿನಾರ್ವಿಗ್‌ನಲ್ಲಿ ವಿದ್ಯುತ್ ಹೆಚ್ಚಾಗಿದ್ದಾಗ ಕೆಳಗಿನ ಕೆರೆಯ ನೀರನ್ನು ಬೆಟ್ಟದ ಮೇಲಿನ ಕೆರೆಗೆ ಪಂಪ್ ಮಾಡುತ್ತಾರೆ. ವಿದ್ಯುತ್ ಬೇಕಾದಾಗ ಅದೇ ನೀರನ್ನು ಕೆಳಕ್ಕೆ ಬಿಟ್ಟು ಟರ್ಬೈನ್ ತಿರುಗಿಸುತ್ತಾರೆ. ಪಂಪಿಗೆ ಖರ್ಚಾದ ವಿದ್ಯುತ್ತೆಲ್ಲ ಮರಳಿ ಸಿಗುವುದೆ? ಯೋಚಿಸಿ, ಕಾರಣ ಬರೆಯಿರಿ.