ಸ್ಪೋರ್ಟ್ಸ್ ಕಾರಿಗೆ ಎಷ್ಟು ಅಗಲದ ಟೈರು ಬೇಕು?



ಟೈರು ಅಗಲ ಆದಷ್ಟೂ ಕಾರು ರಸ್ತೆಯನ್ನು ಗಟ್ಟಿಯಾಗಿ ಹಿಡಿಯುತ್ತದೆ ಎಂದು ನಮ್ಮ ತರಗತಿಯಲ್ಲಿ ಬಹಳ ಜನ ವಾದ ಮಾಡುತ್ತಾರೆ. "ಟ್ರ್ಯಾಕ್ಟರಿನ ಹಿಂದಿನ ಚಕ್ರ ನೋಡೋ" ಅನ್ನುತ್ತಾರೆ. ಆದರೆ ವಿಜ್ಞಾನದ ಮೇಷ್ಟ್ರು ಘರ್ಷಣೆಯ ವಿಷಯ ಹೇಳುವಾಗ ಬೇರೆಯೇ ಹೇಳಿದರು. ಒಂದು ಇಟ್ಟಿಗೆಯನ್ನು ಅಗಲ ಮೈ ಮೇಲೆ ಮಲಗಿಸಿ ಎಳೆದರೂ, ಮಗ್ಗುಲಿಗೆ ನಿಲ್ಲಿಸಿ ಎಳೆದರೂ ಬೇಕಾಗುವ ಬಲ ಹೆಚ್ಚುಕಡಿಮೆ ಒಂದೇ ಅಂತೆ. ಹಾಗಾದರೆ ಓಟದ ಕಾರುಗಳಿಗೆ ಅಷ್ಟು ಅಗಲ ಟೈರು ಯಾಕೆ ಹಾಕುತ್ತಾರೆ? ನಮ್ಮ ಚಿಕ್ಕಪ್ಪ ಮಂಡ್ಯದಲ್ಲಿ ಟೈರ್ ಅಂಗಡಿಯಲ್ಲಿ ಕೆಲಸ ಮಾಡುತ್ತಾರೆ. ಅವರನ್ನೂ ಮೇಷ್ಟ್ರನ್ನೂ ಕೇಳಿ, ಲೆಕ್ಕ ಮಾಡಿ ಈ ಲೇಖನ ಬರೆದಿದ್ದೇನೆ.

ಮೊದಲು ಟ್ರ್ಯಾಕ್ಟರಿನ ವಿಷಯ ಮುಗಿಸೋಣ. ಹಳೇ ಮರದ ಗಾಡಿಯ ಚಕ್ರಕ್ಕೆ ಕಬ್ಬಿಣದ ಸಣ್ಣ ಪಟ್ಟಿ ಇರುತ್ತದೆ. ಅದು ಕೆಸರಿನಲ್ಲಿ ಕುಯ್ದುಕೊಂಡು ಹೂತು ಹೋಗುತ್ತದೆ. ಕಬ್ಬು ಹೊರುವ ಟೈರ್ ಗಾಡಿ ಅಷ್ಟು ಹೂತುಕೊಳ್ಳುವುದಿಲ್ಲ, ಯಾಕಂದ್ರೆ ಭಾರ ಅಗಲಕ್ಕೆ ಹಂಚಿಹೋಗುತ್ತದೆ. ಟ್ರ್ಯಾಕ್ಟರಿಗೆ ಅಗಲ ಟೈರು ಬೇಕಾದದ್ದೂ ಮುಖ್ಯವಾಗಿ ಇದಕ್ಕೇ. ಆದರೆ ಟಾರು ರಸ್ತೆ ಹೂಳುವ ನೆಲ ಅಲ್ಲ. ಅಲ್ಲಿ ಲೆಕ್ಕವೇ ಬೇರೆ.

ಉದಾಹರಣೆಗೆ ನಾನು ಟೊಯೋಟ ಜಿಟಿ 86 ಎಂಬ ಕಾರನ್ನು ತೆಗೆದುಕೊಂಡಿದ್ದೇನೆ. ಇದು 2012ರಲ್ಲಿ ಬಂದ ಜಪಾನಿನ ಸ್ಪೋರ್ಟ್ಸ್ ಕಾರು. ಟೊಯೋಟ ಕಾರ್ಖಾನೆ ನಮ್ಮ ಬಿಡದಿಯಲ್ಲೂ ಇದೆ, ಆದರೆ ಈ ಕಾರು ಅಲ್ಲಿ ಆಗಿದ್ದಲ್ಲ. ಜಪಾನಿನ ಗುನ್ಮಾ ಪ್ರಾಂತ್ಯದಲ್ಲಿ ಸುಬಾರು ಕಂಪನಿಯವರ ಕಾರ್ಖಾನೆಯಲ್ಲಿ ತಯಾರಾಯಿತು. ಆ ಊರಿನ ಹೆಸರು ಓಟಾ! (ನಾನು ತಮಾಷೆ ಮಾಡುತ್ತಿಲ್ಲ, ಭೂಪಟದಲ್ಲಿ ನೋಡಿರಿ.) ಎಂಜಿನ್ 2 ಲೀಟರಿನದು, ಶಕ್ತಿ ಸುಮಾರು 200 ಅಶ್ವಶಕ್ತಿ, ತೂಕ ಸುಮಾರು 1,240 ಕಿಲೋ. ಹಿಂದಿನ ಚಕ್ರಗಳು ತಳ್ಳುತ್ತವೆ.

ಈ ಕಾರಿನ ವಿಶೇಷ ಏನೆಂದರೆ ಕಂಪನಿಯವರೇ ಬೇಕು ಅಂತ ಕಡಿಮೆ ಅಗಲದ ಟೈರು ಹಾಕಿದರು. ಟೊಯೋಟದ್ದೇ ಪ್ರಿಯಸ್ ಎಂಬ ಪೆಟ್ರೋಲ್ ಉಳಿಸುವ ಕಾರು ಇದೆಯಲ್ಲ, ಕೆಲವು ಪ್ರಿಯಸ್‌ಗಳಿಗೆ ಹಾಕುತ್ತಿದ್ದ ಮಿಶೆಲಿನ್ ಟೈರೇ ಇದಕ್ಕೂ. ಇದನ್ನು ರೂಪಿಸಿದ ಮುಖ್ಯ ಎಂಜಿನಿಯರ್ ತೆತ್ಸುಯಾ ತಾದಾ. ಹಿಡಿತ ವಿಪರೀತ ಇದ್ದರೆ ಬಹಳ ವೇಗಕ್ಕೆ ಹೋಗುವ ತನಕ ಚಾಲಕನಿಗೆ ಏನೂ ಗೊತ್ತಾಗುವುದಿಲ್ಲ, ಜಾರಿದಾಗ ಒಮ್ಮೆಲೇ ಜಾರುತ್ತದೆ. ಹಿಡಿತ ಹದವಾಗಿದ್ದರೆ ಕಡಿಮೆ ವೇಗದಲ್ಲೇ ಕಾರು ಮಾತಾಡುತ್ತದೆ. ಆದರೂ ಕೊಂಡವರಲ್ಲಿ ಬಹಳ ಜನ ಮೊದಲು ಬದಲಾಯಿಸಿದ್ದು ಟೈರನ್ನೇ! ಅವರು ಹೇಗೆ ಆರಿಸಬೇಕು ಎಂಬುದೇ ನನ್ನ ವಿಷಯ.

ಟೈರಿನ ಮಗ್ಗುಲಲ್ಲಿ 215/45 ಆರ್ 17 ಎಂದು ಬರೆದಿರುತ್ತದೆ. 215 ಅಂದರೆ ಟೈರಿನ ಅಗಲ, ಮಿಲಿಮೀಟರಿನಲ್ಲಿ. 45 ಅಂದರೆ ಮಗ್ಗುಲಿನ ಎತ್ತರ, ಅದು ಅಗಲದ ಶೇಕಡಾ 45. 17 ಅಂದರೆ ಒಳಗಿನ ರಿಮ್ಮಿನ ವ್ಯಾಸ, ಇಂಚಿನಲ್ಲಿ. ಒಂದೇ ಸಾಲಿನಲ್ಲಿ ಮಿಲಿಮೀಟರು, ಶೇಕಡಾ, ಇಂಚು ಮೂರೂ! ನಾವು ಹೀಗೆ ಬರೆದರೆ ಗಣಿತದ ಟೀಚರ್ ಅಂಕ ಕೊಡುವುದಿಲ್ಲ.

ಈಗ ಕಾರು ನೆಲವನ್ನು ಎಷ್ಟು ಮುಟ್ಟುತ್ತದೆ ನೋಡೋಣ. ಚಾಲಕನೂ ಸೇರಿ 1,300 ಕಿಲೋ ಅನ್ನಿ. ಒಂದು ಚಕ್ರದ ಮೇಲೆ 325 ಕಿಲೋ. ಗಾಳಿ 35 ಪೌಂಡು ಹಿಡಿಸುತ್ತಾರೆ, ಅಂದರೆ ಒಂದು ಚದರ ಸೆಂಟಿಮೀಟರಿಗೆ ಸುಮಾರು 2.45 ಕಿಲೋ. ಭಾರವನ್ನು ಒತ್ತಡದಿಂದ ಭಾಗಿಸಿದರೆ 133 ಚದರ ಸೆಂಟಿಮೀಟರ್ ಬರುತ್ತದೆ. ಟೈರಿನ ಮಗ್ಗುಲೂ ಸ್ವಲ್ಪ ಭಾರ ಹೊರುವುದರಿಂದ ಇದು ಅಂದಾಜು ಅಷ್ಟೇ. ನಮ್ಮ ಅಂಚೆ ಕಾರ್ಡು 14 ಸೆಂ.ಮೀ. ಉದ್ದ, 9 ಸೆಂ.ಮೀ. ಅಗಲ, ಅಂದರೆ 126. ಇಡೀ ಕಾರು ನಾಲ್ಕು ಅಂಚೆ ಕಾರ್ಡುಗಳ ಮೇಲೆ ನಿಂತಿದೆ!

ಈ ಲೆಕ್ಕದಲ್ಲಿ ಟೈರಿನ ಅಗಲ ಎಲ್ಲೂ ಬರಲೇ ಇಲ್ಲ ಗಮನಿಸಿದಿರಾ? ಭಾರವೂ ಗಾಳಿಯೂ ಅಷ್ಟೇ ಇದ್ದರೆ ಮುಟ್ಟುವ ಜಾಗವೂ ಹೆಚ್ಚುಕಡಿಮೆ ಅಷ್ಟೇ. ಬದಲಾಗುವುದು ಆಕಾರ. ಜಾಗ 19 ಸೆಂ.ಮೀ. ಅಗಲ ಇದ್ದಾಗ 7 ಸೆಂ.ಮೀ. ಉದ್ದ ಇದ್ದದ್ದು, 21 ಅಗಲವಾದರೆ 6.3 ಉದ್ದ ಆಗುತ್ತದೆ. ಅಂಚೆ ಕಾರ್ಡು ಅದೇ, ಎಳೆದು ಅಡ್ಡ ಮಾಡಿದ ಹಾಗೆ.

ಅಡ್ಡ ಆದರೆ ಲಾಭ ಇದೆ. ತಿರುವಿನಲ್ಲಿ ರಬ್ಬರು ಕಡಿಮೆ ತಿರುಚಿಕೊಳ್ಳುತ್ತದೆ, ಸ್ಟಿಯರಿಂಗ್ ತಿರುಗಿಸಿದ ಕೂಡಲೇ ಕಾರು ತಿರುಗುತ್ತದೆ. ಶಾಖವೂ ಸವೆತವೂ ಅಗಲಕ್ಕೆ ಹಂಚಿಹೋಗುವುದರಿಂದ ಕಂಪನಿಯವರು ಇನ್ನೂ ಮೆತ್ತನೆಯ ರಬ್ಬರು ಹಾಕಬಹುದು. ನಿಜವಾದ ಗುಟ್ಟು ಈ ಮೆತ್ತನೆ ರಬ್ಬರಿನಲ್ಲಿದೆ. ಇಟ್ಟಿಗೆ ಗಟ್ಟಿ ವಸ್ತು. ರಬ್ಬರು ಜಲ್ಲಿಯ ಸಣ್ಣ ಸಣ್ಣ ಸಂದಿಗೆ ಇಳಿದು ಕಚ್ಚಿಕೊಳ್ಳುತ್ತದೆ. ಆದ್ದರಿಂದ ಇಟ್ಟಿಗೆಯ ನಿಯಮ ಅದಕ್ಕೆ ಪೂರ್ತಿ ಹೊಂದುವುದಿಲ್ಲ ಎಂದು ಮೇಷ್ಟ್ರು ಒಪ್ಪಿಕೊಂಡರು. ನನ್ನ ಅಭಿಪ್ರಾಯದಲ್ಲಿ ಅದೇ ಅಗಲದಲ್ಲಿ ಒಳ್ಳೆ ಮೆತ್ತನೆ ರಬ್ಬರಿನ ಟೈರು ತೆಗೆದುಕೊಳ್ಳುವುದು, ಗಟ್ಟಿ ರಬ್ಬರಿನ ಅಗಲ ಟೈರು ತೆಗೆದುಕೊಳ್ಳುವುದಕ್ಕಿಂತ ಮೇಲು. ಆದರೆ ಮೆತ್ತನೆಯದು ಬೇಗ ಸವೆಯುತ್ತದೆ.

ಇನ್ನು ಅಗಲವೇ ಬೇಕು ಅನ್ನುವವರು ಮೊದಲು ಎತ್ತರ ಲೆಕ್ಕ ಹಾಕಬೇಕು. ಹಳೇ ಟೈರಿನ ಮಗ್ಗುಲು 215ರ ಶೇ. 45 ಅಂದರೆ 96.75 ಮಿ.ಮೀ. ಮೇಲೆ ಕೆಳಗೆ ಎರಡು ಮಗ್ಗುಲು ಸೇರಿ 193.5. ರಿಮ್ಮು 17 ಗುಣಿಸು 25.4, ಅಂದರೆ 431.8. ಒಟ್ಟು 625.3. ಇದನ್ನು 245/45 ಆರ್ 17 ಮಾಡಿದರೆ ಒಟ್ಟು 652.3 ಆಗುತ್ತದೆ, ಶೇ. 4.3 ಜಾಸ್ತಿ. ಆಗ ಮೀಟರು 100 ತೋರಿಸಿದಾಗ ಕಾರು ಮೊದಲಿಗಿಂತ 4 ಕಿ.ಮೀ. ಹೆಚ್ಚು ವೇಗದಲ್ಲಿರುತ್ತದೆ, ಮೀಟರಿಗೆ ಅದು ಗೊತ್ತೇ ಆಗುವುದಿಲ್ಲ. ಆದ್ದರಿಂದ ಅಗಲ ಏರಿಸಿದಾಗ ಮಧ್ಯದ ಸಂಖ್ಯೆ ಇಳಿಸಬೇಕು. 245/40 ಆದರೆ 627.8, ಸರಿಹೋಯಿತು.

ಸರಿಹೋಯಿತು ಅಂದುಕೊಂಡರೆ ರಿಮ್ಮು ಒಪ್ಪುವುದಿಲ್ಲ! ಜಿಟಿ 86ರ ರಿಮ್ಮಿನ ಅಗಲ 7 ಇಂಚು. 245/40 ಟೈರಿಗೆ ಕನಿಷ್ಠ 8 ಇಂಚಿನ ರಿಮ್ಮು ಬೇಕು. ಸಣ್ಣ ರಿಮ್ಮಿಗೆ ದೊಡ್ಡ ಟೈರು ಹಾಕಿದರೆ ಬುಡ ಹಿಸುಕಿ ಹೊಟ್ಟೆ ಉಬ್ಬಿದ ಹಾಗಾಗಿ ತಿರುವಿನಲ್ಲಿ ಮಗ್ಗುಲು ಓಲಾಡುತ್ತದೆ. ದುಡ್ಡು ಕೊಟ್ಟು ಹಿಡಿತ ಕಳಕೊಂಡ ಹಾಗೆ. 225/45 ಆದರೆ 7 ಇಂಚಿಗೂ ಕೂರುತ್ತದೆ, ಎತ್ತರ ಶೇ. 1.4 ಮಾತ್ರ ಜಾಸ್ತಿ. ಸ್ಟಿಯರಿಂಗ್ ಪೂರ್ತಿ ತಿರುಗಿಸಿ ಎಲ್ಲಿಯಾದರೂ ಉಜ್ಜುತ್ತದೆಯೋ ಎಂದೂ ನೋಡಬೇಕು. ಅಗಲ ಟೈರು ಸಾಮಾನ್ಯವಾಗಿ ತೂಕವೂ ಜಾಸ್ತಿ, ಪೆಟ್ರೋಲೂ ಜಾಸ್ತಿ ಕೇಳುತ್ತದೆ.

ಎಲ್ಲಕ್ಕಿಂತ ಮುಖ್ಯವಾದದ್ದು ಮಳೆ. "ಒಣ ರಸ್ತೆ ನೆನೆಸ್ಕೊಂಡು ಟೈರ್ ಕೊಳ್ತಾರೆ, ಮಳೇಲಿ ಓಡಿಸ್ತಾರೆ ಕಣೋ" ಎಂದು ಚಿಕ್ಕಪ್ಪ ಹೇಳಿದರು. ಗದ್ದೆಯಲ್ಲಿ ನೇಗಿಲು ಇಳಿಯುತ್ತದೆ, ಮಟ್ಟ ಮಾಡುವ ಹಲಗೆ ತೇಲುತ್ತದೆ. ನಾವು ಅದರ ಮೇಲೆ ನಿಂತರೂ ತೇಲುತ್ತದೆ. ನೀರು ನಿಂತ ರಸ್ತೆಯಲ್ಲಿ ಅಗಲ ಟೈರು ಆ ಹಲಗೆಯ ಹಾಗೆ. ಅದರ ಮುಂದೆ ಸರಿಯಬೇಕಾದ ನೀರು ಜಾಸ್ತಿ, ಜಾಗದ ಉದ್ದ ಕಡಿಮೆ. ನೀರು ಸರಿಯದಿದ್ದರೆ ಟೈರು ನೀರಿನ ಮೇಲೇ ಏರುತ್ತದೆ. ಆಗ ಬ್ರೇಕೂ ಇಲ್ಲ, ಸ್ಟಿಯರಿಂಗೂ ಇಲ್ಲ.

ಅಮೆರಿಕದ ನಾಸಾ ಸಂಸ್ಥೆಯವರು 1960ರ ದಶಕದಲ್ಲಿ ವಿಮಾನದ ಟೈರುಗಳನ್ನು ಪರೀಕ್ಷಿಸಿ ಇದಕ್ಕೆ ಒಂದು ಸೂತ್ರ ಕಂಡುಕೊಂಡರು. ಗಾಳಿಯ ಪೌಂಡಿನ ವರ್ಗಮೂಲವನ್ನು 10.35ರಿಂದ ಗುಣಿಸಿದರೆ ತೇಲುವ ವೇಗ ಮೈಲಿಯಲ್ಲಿ ಬರುತ್ತದೆ. ವರ್ಗಮೂಲ ನಮಗೆ ಮುಂದಿನ ವರ್ಷದ ಪಾಠ, ಆದ್ದರಿಂದ ಮೇಷ್ಟ್ರೇ ಮಾಡಿಕೊಟ್ಟರು. 35 ಪೌಂಡಿಗೆ ಗಂಟೆಗೆ ಸುಮಾರು 98 ಕಿಲೋಮೀಟರ್. ಟೈರಿನ ಗೀರುಗಳು ಹೊರಹಾಕಲಾರದಷ್ಟು ನೀರು ನಿಂತಾಗಿನ ಮಾತು ಇದು. ನಮ್ಮ ಮಂಡ್ಯದ ಮೇಲೆ ಹೋಗುವ ಬೆಂಗಳೂರು–ಮೈಸೂರು ಹೆದ್ದಾರಿಯಲ್ಲಿ ಕಾರುಗಳ ವೇಗಮಿತಿ 100! ಹೆಚ್ಚು ಹಿಡಿತ ಸಿಗಲಿ ಎಂದು ಗಾಳಿ ಇಳಿಸಿದರೆ ತೇಲುವ ವೇಗ ಇನ್ನೂ ಕೆಳಗೆ ಬರುತ್ತದೆ. ಗೀರಿನ ತಳದಲ್ಲಿ ಸಣ್ಣ ದಿಬ್ಬಗಳಿರುತ್ತವೆ, ಎತ್ತರ 1.6 ಮಿ.ಮೀ. ರಬ್ಬರು ಸವೆದು ದಿಬ್ಬದ ಮಟ್ಟಕ್ಕೆ ಬಂದರೆ ಟೈರು ಎಷ್ಟೇ ಅಗಲ ಇದ್ದರೂ ಬಿಚ್ಚಿಸಲೇಬೇಕು. ಶಾಲೆಯ ಮುಂದೆ ನಿಲ್ಲುವ ಕಾರುಗಳಲ್ಲಿ ನಾನು ಬಗ್ಗಿ ನೋಡಿದ್ದೇನೆ. ಎರಡರಲ್ಲಿ ದಿಬ್ಬ ಕಾಣಿಸಿತು, ಯಾರದೆಂದು ಬರೆಯುವುದಿಲ್ಲ.

ನನ್ನನ್ನು ಕೇಳಿದರೆ ಜಿಟಿ 86ಕ್ಕೆ ಅದೇ ರಿಮ್ಮಿನಲ್ಲಿ 225/45 ಆರ್ 17, ಒಳ್ಳೆ ರಬ್ಬರು, ಆಳವಾದ ಗೀರು. ಅದಕ್ಕಿಂತ ಅಗಲ ಬೇಡ.

ನಿಮಗೊಂದು ಲೆಕ್ಕ: 235/40 ಆರ್ 17 ಟೈರಿನ ಒಟ್ಟು ಎತ್ತರ ಎಷ್ಟು? ಮೂಲ ಟೈರಿಗಿಂತ ಹೆಚ್ಚೋ ಕಡಿಮೆಯೋ? ಉತ್ತರವನ್ನು ಚೀಟಿಯಲ್ಲಿ ಬರೆದು, ಹೆಸರು ಹಾಕಿ ನನಗೆ ಕೊಡಿರಿ. ಸರಿ ಮಾಡಿದವರ ಹೆಸರು ಮುಂದಿನ ಸಂಚಿಕೆಯಲ್ಲಿ ಬರುತ್ತದೆ.